ಅಕ್ಕನ ಎಡಗಿವಿ

ತಿಕೋಟಾದ ಕಂದಾಯ ಕಚೇರಿಯಲ್ಲಿ ನನ್ನ ಮೇಜಿನ ಮುಂದೆ ಬಂದು ನಿಲ್ಲುವವರಲ್ಲಿ ಅರ್ಧಕ್ಕರ್ಧ ಜನ ಅರ್ಜಿಯನ್ನು ತಾವು ತುಂಬುವುದಿಲ್ಲ. ಓದು ಬರುವವರೂ ತುಂಬುವುದಿಲ್ಲ. ಹಾಳೆಯನ್ನು ನನ್ನ ಕಡೆ ಸರಿಸಿ, ‘ನೀವ ಬರೀರಿ ಮೇಡಮ್ಮಾರ, ಸಹಿ ಎಲ್ಲಿ ಮಾಡ್ಲಿ ಹೇಳ್ರಿ’ ಅನ್ನುತ್ತಾರೆ. ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೆ ಬರೆದ ಕೈ ನನ್ನದು. ಬೇರೆ ಕಡೆ ಜಮೀನು ಇದೆಯೇ? ಇಲ್ಲ. ಬೇರೆ ಪಿಂಚಣಿ ಬರುತ್ತದೆಯೇ? ಇಲ್ಲ. ಹಿಂದೆ ಅರ್ಜಿ ಹಾಕಿದ್ದೀರಾ? ಇಲ್ಲ. ಎದುರಿಗೆ ನಿಂತವರ ಮುಖ ಕೂಡ ನೋಡದೆ ಮೇಲಿಂದ ಕೆಳಗೆ ‘ಇಲ್ಲ’ ಬರೆದು, ‘ಇಲ್ಲಿ ಸಹಿ ಮಾಡ್ರಿ’ ಅನ್ನುತ್ತೇನೆ. ‘ಹೌದು’ ಅಂತ ಬರೆದರೆ ಇನ್ನೊಂದು ದಾಖಲೆ ಕೇಳಬೇಕಾಗುತ್ತದೆ, ಅದಕ್ಕಾಗಿ ಅವರು ಮತ್ತೊಂದು ದಿನ ಬಸ್ಸು ಹತ್ತಿ ಬರಬೇಕಾಗುತ್ತದೆ. ‘ಇಲ್ಲ’ ಅನ್ನುವುದು ಅವರಿಗೂ ಉಪಕಾರ, ನನಗೂ ಉಪಕಾರ ಎಂದೇ ತಿಳಿದಿದ್ದೆ.

ಅದೇ ಕೈ ಅಂಡಮಾನಿನ ಒಂದು ದ್ವೀಪದಲ್ಲಿ ನನ್ನ ಒಡಹುಟ್ಟಿದ ಅಕ್ಕನ ಹಾಳೆಯನ್ನೂ ತುಂಬಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಅವಳು. ಯಾರಿಗೂ ಹೇಳಲಾಗದೆ ಬರೆಯಲು ಕೂತಿದ್ದೇನೆ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಮದುವೆಯಾಗಿ ಬಬಲೇಶ್ವರಕ್ಕೆ ಹೋದವಳು ಅಲ್ಲಿಯೇ ಖಡಕ್ ರೊಟ್ಟಿಯ ವ್ಯಾಪಾರ ಹಚ್ಚಿದ್ದಾಳೆ. ಪಡಸಾಲೆಯಲ್ಲಿ ಮೂವರು ಹೆಂಗಸರು ರೊಟ್ಟಿ ಬಡಿಯುತ್ತಾರೆ, ಇವಳು ಹೊರಗಿನ ಕೋಣೆಯಲ್ಲಿ ಕೂತು ರೊಟ್ಟಿಯ ಕಟ್ಟು ಕಟ್ಟುತ್ತಾಳೆ. ನಡುವೆ ಒಂದು ಗೋಡೆ. ಗೋಡೆಯ ಈಚೆ ಕೂತೇ ಬಡಿಯುವ ಸಪ್ಪಳ ಕೇಳಿ, ‘ಯಾರ ಬೇ ಅದು, ಹಿಟ್ಟ ನಾದಿಲ್ಲ, ಮತ್ತೊಂದ ಸಲ ನಾದು’ ಅಂತ ಕೂಗುತ್ತಿದ್ದಳು. ಹೋಗಿ ನೋಡಿದರೆ ಹಿಟ್ಟು ನಿಜಕ್ಕೂ ಬಿರಿಯುತ್ತಿರುತ್ತಿತ್ತು. ಒಣಗಿದ ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಬಡಿದು, ಇದು ವಿಜಯಪುರದ ಅಂಗಡಿಗೆ, ಇದು ಮನೆಯವರಿಗೆ ಅಂತ ಬೇರ್ಪಡಿಸುತ್ತಿದ್ದಳು. ಅವಳ ಹೆಸರು ನಿಂತದ್ದೇ ಆ ಕಿವಿಯ ಮೇಲೆ.

ನಮ್ಮ ತವರು ಸಾರವಾಡ. ಹೊಲದಲ್ಲಿ ಮೆಟ್ಟಿಲಿನ ಬಾವಿ ಇತ್ತು. ಬೇಸಿಗೆ ರಜೆಯಲ್ಲಿ ಓಣಿಯ ಹುಡುಗ ಹುಡುಗಿಯರೆಲ್ಲ ಅದರಲ್ಲೇ ಬಿದ್ದಿರುತ್ತಿದ್ದೆವು. ನಾನು ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿಕೊಂಡು ಮೆಟ್ಟಿಲ ಹತ್ತಿರವೇ ಕಾಲು ಬಡಿಯುವವಳು. ಅಕ್ಕ ದಂಡೆಯಿಂದ ಹಾರಿ, ಕಾಣದ ಹಾಗೆ ಕೆಳಗಿಳಿದು, ಎಲ್ಲರೂ ಗಾಬರಿಯಾಗುವ ಹೊತ್ತಿಗೆ ಮೇಲೆ ಬರುತ್ತಿದ್ದಳು. ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ತಳ ಮುಟ್ಟಿದೆ ಅಂತ ಬಾಯಲ್ಲಿ ಹೇಳಿದರೆ ಯಾರೂ ಒಪ್ಪುತ್ತಿರಲಿಲ್ಲ, ಮುಷ್ಟಿಯಲ್ಲಿ ತಳದ ರಾಡಿ ತರಬೇಕು. ಬರಿಗೈಲಿ ಬಂದವರಿಗೆ ಇಡೀ ದಿನ ಗೇಲಿ ತಪ್ಪುತ್ತಿರಲಿಲ್ಲ. ಅಕ್ಕ ಒಂದು ಸಲವೂ ಬರಿಗೈಲಿ ಬಂದದ್ದನ್ನು ನಾನು ಕಂಡಿಲ್ಲ.

ಅವಳು ದೊಡ್ಡವಳಾದ ದಿನ ಬಾವಿ ನಿಂತಿತು. ಹೆಣ್ಣುಮಕ್ಕಳು ಸೀರೆ ಉಡುವ ವಯಸ್ಸಿನಲ್ಲಿ ನೀರಿಗೆ ಹಾರುವುದೇನು ಅಂದರು ಹಿರಿಯರು. ಅವಳು ಬಾವಿಯ ದಂಡೆಗೆ ಬಂದು, ಕೂತು, ನಾವು ಆಡುವುದನ್ನು ನೋಡಿ ಹೋಗುತ್ತಿದ್ದಳು. ಆರು ವರ್ಷದ ಮೇಲೆ ನನಗೂ ನಿಂತಿತು. ನನಗೆ ಏನೂ ಅನ್ನಿಸಲಿಲ್ಲ. ನಾನು ಯಾವತ್ತೂ ಡಬ್ಬಿ ಬಿಚ್ಚಿ ಈಜಿದವಳೇ ಅಲ್ಲ.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ಅಕ್ಕನಿಗೆ ಸಣ್ಣವಳಿದ್ದಾಗಿನಿಂದ ಎಡಗಿವಿ ಸೋರುತ್ತಿತ್ತು. ಮಳೆಗಾಲ ಬಂತೆಂದರೆ ಅವ್ವ ಅದರಲ್ಲಿ ಅರಳೆ ಇಡುತ್ತಿದ್ದಳು. ನಾವಿಬ್ಬರೂ ಒಂದೇ ದಿಂಬಿನ ಮೇಲೆ ಮಲಗಿ ಬೆಳೆದವರು. ಆ ದಿಂಬಿನ ವಾಸನೆ ನನಗೆ ಈಗಲೂ ಗೊತ್ತು. ಮುಂದೆ ಸೋರುವುದು ನಿಂತಿತು, ಆದರೆ ನೆಗಡಿಯಾದಾಗಲೆಲ್ಲ ‘ಕಿವಿ ದಪ್ಪ ಆಗೇತಿ’ ಅನ್ನುತ್ತಿದ್ದಳು. ಈ ಸಂಗತಿ ತಿಳಿದವರು ಮೂವರೇ. ಅವ್ವ ಈಗಿಲ್ಲ. ಉಳಿದವರು ಅಕ್ಕ ಮತ್ತು ನಾನು.

ಕಚೇರಿಯ ಒಬ್ಬಳ ಮೊಬೈಲಿನಲ್ಲಿ ಸಮುದ್ರದ ತಳದ ಚಿತ್ರಗಳನ್ನು ನೋಡಿದ್ದೇ ನನಗೆ ಹುಚ್ಚು ಹಿಡಿಯಿತು. ಬೆನ್ನಿಗೆ ಗಾಳಿಯ ಸಿಲಿಂಡರು, ಸುತ್ತ ಬಣ್ಣದ ಮೀನು, ಕೆಳಗೆ ಹವಳ. ಈಜು ಬರದಿದ್ದರೂ ಕಲಿಸುವವರು ಹಿಡಿದುಕೊಂಡು ಇಳಿಸುತ್ತಾರಂತೆ. ‘ನಾನೂ ಹೋಗೂಕಿ’ ಅಂದೆ. ಅಂದದ್ದಷ್ಟೇ ಅಲ್ಲ, ಊರೆಲ್ಲ ಡಂಗುರ ಸಾರಿದೆ. ನಮ್ಮ ಮನೆಯವರು ‘ನಂಗ ಬಕೆಟ್ಟಿನ ನೀರ ಸಾಕು, ಬೇಕಂದ್ರ ನಿಮ್ಮಕ್ಕನ್ನ ಕರಕೊಂಡ ಹೋಗು’ ಅಂದರು. ಅಕ್ಕನಿಗೆ ಫೋನು ಮಾಡಿದೆ. ‘ನೀರಾಗ ಇಳೀಬೇಕನು?’ ಅಂತ ಕೇಳಿದಳು. ಐವತ್ತೈದು ವರ್ಷದ ಹೆಂಗಸಿನ ದನಿಯಾಗಿರಲಿಲ್ಲ ಅದು.

ಎಲ್ಲರೂ ನನ್ನನ್ನು ಹೊಗಳಿದರು. ಒಡಹುಟ್ಟಿದವಳು ಅಂದರೆ ಹೀಗಿರಬೇಕು ಅಂದರು. ನಾನೂ ಹೊಗಳಿಸಿಕೊಂಡೆ.

ಹೊರಡುವ ಎರಡು ದಿನ ಮುಂಚೆ ಅಕ್ಕ ಫೋನು ಮಾಡಿ, ‘ನೆಗಡಿ ಆಗೇತಿ ತಂಗಿ, ಎಡಗಿವಿ ಗುಂಯ್ ಅನ್ನಾಕತ್ತೈತಿ’ ಅಂದಳು. ‘ಸಮುದ್ರದ ಗಾಳಿ ಹತ್ತಿದ್ರ ಎಲ್ಲಾ ಹೋಗ್ತೈತಿ, ನೀ ಚೀಲಾ ಕಟ್ಟು’ ಅಂದೆ. ಅವಳು ನನ್ನ ಮಾತು ನಂಬಿದಳು. ಓದಿದವಳು, ನೌಕರಿ ಮಾಡುವವಳು, ನನಗೆ ತಿಳಿದಿರುತ್ತದೆ ಅಂತ ಅವಳ ಲೆಕ್ಕ.

ದ್ವೀಪದ ರೆಸಾರ್ಟಿನಲ್ಲಿ ಮೊದಲ ದಿನ ನಗುವುದರಲ್ಲೇ ಕಳೆಯಿತು. ಊಟದ ಮನೆಯಲ್ಲಿ ಎಲ್ಲಿ ನೋಡಿದರೂ ಮೀನು. ಅಕ್ಕ ಚೀಲದಿಂದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ತೆಗೆದು ಮೇಜಿನ ತುಂಬ ಹರಡಿದಳು. ಪಕ್ಕದ ಮೇಜಿನವರಿಗೂ ಒತ್ತಾಯ ಮಾಡಿ ಹಂಚಿದಳು. ರಬ್ಬರಿನ ಅಂಗಿ ತೊಡಿಸಿದಾಗ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, ‘ಇದೇನ ಬೇ, ಉಟ್ಟೂ ಉಡಲಾರದಂಗ ಕಾಣ್ತೈತಿ! ನಿಮ್ಮ ಮಾವಗ ಈ ಫೋಟೋ ತೋರಿಸಿದ್ರ ನಾ ಮನೀಗೆ ಹೋಗಂಗಿಲ್ಲ ನೋಡು’ ಅಂದಳು. ಮಾವ ಅಂದರೆ ಅವಳ ಗಂಡ.

ಮರುದಿನ ಬೆಳಿಗ್ಗೆ ನೀರಿಗಿಳಿಸುವ ಮುನ್ನ ಇಬ್ಬರ ಕೈಗೂ ಒಂದೊಂದು ಹಾಳೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಆರೋಗ್ಯದ ಪ್ರಶ್ನೆಗಳು, ಎದುರಿಗೆ ಹೌದು, ಇಲ್ಲ. ಅಕ್ಕ ತನ್ನ ಹಾಳೆಯನ್ನು ನನ್ನ ಕಡೆ ಸರಿಸಿ, ‘ಸಹಿ ಎಲ್ಲಿ ಮಾಡ್ಲಿ ಹೇಳು’ ಅಂದಳು. ನಾನು ಬರೆಯತೊಡಗಿದೆ. ಎದೆನೋವು ಇದೆಯೇ? ಇಲ್ಲ. ಉಬ್ಬಸ? ಇಲ್ಲ. ಈಗ ನೆಗಡಿ ಇದೆಯೇ? ಇಲ್ಲ. ಕಿವಿಯ ಕಾಯಿಲೆ ಎಂದಾದರೂ ಇತ್ತೇ?

ಮೇಲೆ ನಾನು ಅದೇ ಕೈ ತುಂಬಿತು ಅಂತ, ಎಲ್ಲ ಬರೀ ಕೈಯ ರೂಢಿ ಅನ್ನುವ ಹಾಗೆ ಬರೆದಿದ್ದೇನೆ. ಅದು ಪೂರ್ತಿ ನಿಜವಲ್ಲ, ನನ್ನನ್ನು ನಾನು ಪಾರು ಮಾಡಿಕೊಳ್ಳಲು ಹಾಗೆ ಶುರು ಮಾಡಿದೆ. ಆ ಸಾಲಿಗೆ ಬಂದಾಗ ಪೆನ್ನು ನಿಂತಿತು. ಪಕ್ಕದಲ್ಲೇ ಅಕ್ಕ ಮೂಗು ಸೇದುತ್ತ ಕೂತಿದ್ದಳು. ‘ಹೌದು’ ಅಂತ ಬರೆದರೆ ವೈದ್ಯರ ಚೀಟಿ ಬೇಕು, ಚೀಟಿ ಇಲ್ಲದೆ ಇಳಿಸುವುದಿಲ್ಲ ಅಂತ ಹಾಳೆಯ ಕೆಳಗೇ ಬರೆದಿತ್ತು. ಅವಳು ದಂಡೆಯಲ್ಲಿ ಕೂರುತ್ತಾಳೆ, ನಾನೊಬ್ಬಳೇ ಆ ನೀಲಿ ನೀರಿಗೆ ಇಳಿಯಬೇಕು. ನನಗೆ ಪುಕುಪುಕು ಅಂತಿತ್ತು. ಸಮುದ್ರ ಕಂಡಾಗಿನಿಂದಲೂ ಹಾಗೇ. ಇಳಿಯದೆ ವಾಪಸು ಹೋದರೆ ಕಚೇರಿಯಲ್ಲಿ ನಗೆಪಾಟಲು. ಅಕ್ಕನಿಗೆ ನೀರು ತೋರಿಸಬೇಕು ಅಂತ ನಾನು ಅವಳನ್ನು ಕರೆದುಕೊಂಡು ಹೋಗಿರಲಿಲ್ಲ. ನನ್ನ ಬೆನ್ನಿಗೆ ಕಟ್ಟಿಕೊಳ್ಳಲು ಒಂದು ಡಬ್ಬಿ ಬೇಕಿತ್ತು, ಅದಕ್ಕೆ ಕರೆದುಕೊಂಡು ಹೋಗಿದ್ದೆ. ‘ಇಲ್ಲ’ ಅಂತ ಬರೆದೆ. ಅಕ್ಕ ಸಹಿ ಮಾಡಿದಳು.

ಅಕ್ಕನನ್ನು ಹಿಡಿದುಕೊಳ್ಳುವವಳು ಒಬ್ಬ ಬಂಗಾಳಿ ಹೆಣ್ಣುಮಗಳು, ನಲವತ್ತರ ಆಸುಪಾಸು. ನನಗೆ ಬೇರೊಬ್ಬರು. ಸೊಂಟದುದ್ದ ನೀರಿನಲ್ಲಿ ನಿಲ್ಲಿಸಿ ಒಂದು ಗಂಟೆ ಕಲಿಸಿದರು. ಕೆಳಗಿಳಿಯುತ್ತ ಮೂಗು ಮುಚ್ಚಿ ಮೆಲ್ಲಗೆ ಊದಬೇಕು, ಕಿವಿ ತೆರೆದುಕೊಳ್ಳುತ್ತದೆ. ಕಿವಿ ನೋವಾದರೆ ಅಂಗೈಯನ್ನು ಹೀಗೆ ಅಲುಗಾಡಿಸಿ ಕಿವಿ ತೋರಿಸಬೇಕು, ತಕ್ಷಣ ಮೇಲೆ ಕರೆತರುತ್ತೇವೆ. ಎಲ್ಲ ಸರಿಯಿದ್ದರೆ ಹೆಬ್ಬೆರಳು ತೋರುಬೆರಳು ಸೇರಿಸಿ ಬಳೆ ಮಾಡಬೇಕು. ಅಕ್ಕ ಎಲ್ಲವನ್ನೂ ನನಗಿಂತ ಚುರುಕಾಗಿ ಕಲಿತಳು. ವಿಜಯಪುರದ ಅಂಗಡಿಗಳಲ್ಲಿ ಕಲಿತ ಹಿಂದಿಯಲ್ಲಿ ಆ ಹೆಣ್ಣುಮಗಳನ್ನು ಮಾತಾಡಿಸಿ, ಅವಳಿಗೆ ಎಷ್ಟು ಮಕ್ಕಳು ಅಂತಲೂ ಕೇಳಿ ತಿಳಿದುಕೊಂಡಳು.

ದೋಣಿಯಲ್ಲಿ ಸ್ವಲ್ಪ ಒಳಗೆ ಹೋಗಿ ಇಳಿದೆವು. ನೀರು ಬೆಚ್ಚಗಿತ್ತು. ಕೆಳಗೆ ಹವಳ ಹೂಕೋಸಿನ ಹೊಲದ ಹಾಗೆ ಹಬ್ಬಿತ್ತು. ಹಳದಿ ಮೀನುಗಳು ಗುಂಪಾಗಿ ಬಂದು ನಮ್ಮ ಮುಖ ನೋಡಿ ಹೋದವು. ಹತ್ತು ನಿಮಿಷದಲ್ಲಿ ನನ್ನ ಹೆದರಿಕೆ ಹೋಯಿತು, ಯಾಕೆಂದರೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅಕ್ಕ ಇದ್ದಳು. ಬಾವಿಯಲ್ಲಿ ಇರುತ್ತಿದ್ದ ಹಾಗೇ ಇದ್ದಳು, ಕಾಲು ಬಡಿಯುವುದೇ ಇಲ್ಲ, ನೀರು ತಾನಾಗಿ ದಾರಿ ಬಿಡುತ್ತಿತ್ತು. ಮೂರಾಳು ನೀರು ದಾಟಿರಬಹುದು. ಆಗ ಅವಳ ಎಡಗೈ ಎಡಗಿವಿಗೆ ಹೋಯಿತು.

ನಾನು ನೋಡಿದೆ. ಅವಳ ಹಿಂದೆ ಸಿಲಿಂಡರು ಹಿಡಿದಿದ್ದವಳಿಗೆ ಮುಖ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ಮುಖಕ್ಕೆ ಹಾಕಿದ್ದ ಗಾಜಿನೊಳಗೆ ಅಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು. ಆ ಹೆಣ್ಣುಮಗಳು ಮುಂದಕ್ಕೆ ಬಾಗಿ ಸರಿಯಿದೆಯಾ ಅಂತ ಕೈಯಲ್ಲಿ ಕೇಳಿದಾಗ ಅಕ್ಕ ಕಣ್ಣು ತೆರೆದು ಬೆರಳು ಸೇರಿಸಿ ಬಳೆ ತೋರಿಸಿದಳು. ಅದೇ ಹೊತ್ತಿಗೆ ಯಾರೋ ನಮ್ಮ ಫೋಟೋ ತೆಗೆದರು. ಅಕ್ಕ ಯಾಕೆ ಹಾಗೆ ಮಾಡಿದಳು ಅಂತ ಅವರಿಗೆ ಯಾರಿಗೂ ತಿಳಿಯುವಂಥದ್ದಲ್ಲ, ನನಗೆ ತಿಳಿದಿತ್ತು. ತಳ ಇನ್ನೂ ಎರಡು ಮೊಳ ಕೆಳಗಿತ್ತು. ಅವಳು ಬರಿಗೈಲಿ ಮೇಲೆ ಹೋಗುವವಳಲ್ಲ. ನಾನು ಕೈ ಅಲುಗಾಡಿಸಿ ಅವಳ ಕಿವಿಯ ಕಡೆ ತೋರಿಸಿದ್ದರೆ ಸಾಕಿತ್ತು. ಅವಳು ಮೇಲೆ ಹೋದರೆ ನಾನೂ ಹೋಗಬೇಕಾಗುತ್ತದೆ, ಇನ್ನೂ ಏನೂ ನೋಡಿಲ್ಲ ಅಂದುಕೊಂಡೆ. ಹಾಗಂತಲೇ ಅಂದುಕೊಂಡೆ, ಇದೇ ಮಾತುಗಳಲ್ಲಿ.

ಅವಳು ಕೆಳಗೆ ಬಾಗಿ ಮುಷ್ಟಿ ತುಂಬಿಕೊಂಡಳು. ಆ ಕ್ಷಣ ಅವಳ ಇಡೀ ಮೈ ಒಮ್ಮೆ ಸೆಟೆಯಿತು. ತಲೆ ಒಂದು ಕಡೆ ವಾಲಿತು. ಹಿಡಿದವಳಿಗೆ ತಿಳಿಯಿತು, ಮೆಲ್ಲಗೆ ಮೇಲಕ್ಕೆ ತಂದಳು.

ದೋಣಿಯಲ್ಲಿ ಮುಖದ ಗಾಜು ಬಿಚ್ಚಿದಾಗ ಮೂಗಿನಿಂದ ರಕ್ತ ಇಳಿಯಿತು, ಎಡಗಿವಿಯಿಂದಲೂ ಒಂದು ಎಳೆ. ತಲೆ ತಿರುಗಿ ಕೂರಲಾಗದೆ ನನ್ನ ತೊಡೆಯ ಮೇಲೆ ಒರಗಿದಳು. ಆದರೂ ನಗುತ್ತಿದ್ದಳು. ಮುಷ್ಟಿ ಬಿಚ್ಚಿ, ‘ರಾಡಿ ಅಲ್ಲ ಲೇ, ಉಸುಕ. ಹಾಲ ಕಂಡಂಗ ಐತಿ ನೋಡು’ ಅಂದಳು. ಅಂಗೈಯಲ್ಲಿ ಬಿಳಿ ಮರಳು, ಒಂದಿಷ್ಟು ಹವಳದ ಚೂರು. ಆ ಚೂರುಗಳನ್ನು ಒಯ್ಯುವಂತಿಲ್ಲ ಅಂತ ಯಾರೋ ಹೇಳಿದಾಗ ನೀರಿಗೆ ಕೈ ಇಳಿಬಿಟ್ಟು ತೊಳೆದುಕೊಂಡಳು.

ದಂಡೆಗೆ ಬಂದ ಮೇಲೆ ಮೇಲ್ವಿಚಾರಕ ಹಾಳೆ ಹಿಡಿದು ಬಂದ. ಬಂಗಾಳಿ ಹೆಣ್ಣುಮಗಳು ಅಕ್ಕನ ಮುಂದೆ ಮಂಡಿಯೂರಿ ಕೂತು, ಮೊದಲು ಯಾವಾಗಾದರೂ ಕಿವಿ ತೊಂದರೆ ಇತ್ತಾ ಅಂತ ಹಿಂದಿಯಲ್ಲಿ ಕೇಳಿದಳು. ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. ‘ನಹೀಂ’ ಅಂದಳು. ನನ್ನ ಮಾನ ಕಾಯಲು ಅಂದಳೋ, ತಾನು ಸಣ್ಣವಳಾಗಬಾರದು ಅಂತ ಅಂದಳೋ, ನಾನು ಇವತ್ತಿಗೂ ಕೇಳಿಲ್ಲ. ಆ ಹೆಣ್ಣುಮಗಳು ಕಣ್ಣು ತುಂಬಿಕೊಂಡು, ‘ತಪ್ಪು ನನ್ನದು, ನಾನು ಇನ್ನೂ ಬೇಗ ಮೇಲೆ ತರಬೇಕಿತ್ತು’ ಅಂತ ನಮ್ಮಿಬ್ಬರ ಕೈ ಹಿಡಿದು ಎರಡು ಸಲ ಕ್ಷಮೆ ಕೇಳಿದಳು. ನಾನು ದೊಡ್ಡ ಮನಸ್ಸು ಮಾಡಿ ‘ಪರವಾಗಿಲ್ಲ’ ಅಂದೆ. ಏನೂ ತಪ್ಪು ಮಾಡದವಳನ್ನು ನಾನು ಕ್ಷಮಿಸಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ, ನನ್ನ ಮೇಲೆಯೇ.

ಊರಿಗೆ ಬಂದ ಮೇಲೆ ವಿಜಯಪುರದ ಕಿವಿ ಡಾಕ್ಟರರಿಗೆ ತೋರಿಸಿದೆವು. ಅವರು ಪರೀಕ್ಷೆ ಮಾಡಿ, ಪರದೆ ಹರಿದಿದೆ, ಒಳಗೂ ಪೆಟ್ಟಾಗಿದೆ, ಈ ಕಿವಿ ಇನ್ನು ಕೇಳುವುದು ಅಷ್ಟಕ್ಕಷ್ಟೆ ಅಂದರು. ‘ಹಳೇ ಗಾಯದ ಗುರ್ತ ಐತಲ್ರಿ ಇಲ್ಲಿ. ಇಂಥಾ ಕಿವಿ ಇಟಗೊಂಡು ನಿಮ್ಮನ್ನ ನೀರಾಗ ಯಾರ ಬಿಟ್ರು?’ ಅಂತ ಸಿಟ್ಟಿನಿಂದಲೇ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ನನ್ನ ಕೈ ಪರ್ಸಿನೊಳಗೆ ಏನೋ ಹುಡುಕತೊಡಗಿತು. ಅಕ್ಕ, ‘ಯಾರೂ ಬಿಟ್ಟಿಲ್ರಿ ಸಾಹೇಬ್ರ, ನಾನ ಹೋದ್ನಿ’ ಅಂದಳು.

ಬಬಲೇಶ್ವರದಲ್ಲಿ ಬೈಗುಳವೆಲ್ಲ ಅವಳಿಗೇ. ಮಾವ ಬಂದವರಿಗೆಲ್ಲ, ‘ಮುದಿಕ್ಯಾಗಾಕ ಬಂದಾಳ, ಇನ್ನೂ ಬಾವಿ ಜಿಗಿಯೂ ಚಟಾ ಹೋಗಿಲ್ಲ. ಪಾಪ, ತಂಗಿ ಖುಷಿಲೆ ಕರಕೊಂಡ ಹೋದ್ರ ಹಿಂಗ ಮಾಡಕೊಂಡ ಬಂದಾಳ’ ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ಅವರ ಜೊತೆ ನಾನೂ ನಕ್ಕಿದ್ದೇನೆ.

ಕಳೆದ ಭಾನುವಾರ ಹೋದಾಗ ಅವಳು ರೊಟ್ಟಿ ಬೇರ್ಪಡಿಸುತ್ತ ಕೂತಿದ್ದಳು. ಒಂದು ರೊಟ್ಟಿ ಎತ್ತಿ ರೂಢಿಯಂತೆ ಎಡಗಿವಿಗೆ ಹಿಡಿದು ಬಡಿದಳು. ಆಮೇಲೆ ಬಲಗಿವಿಗೆ ಬದಲಿಸಿ ಮತ್ತೆ ಬಡಿದಳು. ಪಡಸಾಲೆಯಲ್ಲಿ ಮೂವರೂ ಒಟ್ಟಿಗೆ ಬಡಿಯುತ್ತಿದ್ದರು. ಅದರಲ್ಲಿ ಒಂದು ಸಪ್ಪಳ ಮೆತ್ತಗಿತ್ತು, ನನ್ನಂಥವಳಿಗೂ ತಿಳಿಯುವಷ್ಟು. ಅಕ್ಕ ಕೂಗಲಿಲ್ಲ. ನನ್ನನ್ನು ನೋಡಿ, ‘ಎಲ್ಲಾರದೂ ಕೂಡಿ ಒಂದ ಗದ್ಲ ಆಗಿ ಕೇಳ್ತೈತಿ ತಂಗಿ, ಯಾರದು ಯಾವದು ತಿಳೀವಲ್ದು. ಅಂಗಡಿಯಾವ ಮೊನ್ನೆ ಒಂದ ಚೀಲಾ ತಿರುಗಿ ಕಳಿಸ್ಯಾನ, ಮೆತ್ತಗ ಅದಾವ ಅಂತ. ಇಷ್ಟ ವರ್ಷದಾಗ ಹಂಗ ಆಗಿದ್ದಿಲ್ಲ’ ಅಂದಳು. ಅಷ್ಟು ಹೇಳಿ ಮತ್ತೆ ಕಟ್ಟು ಕಟ್ಟತೊಡಗಿದಳು.

ಕಚೇರಿಯಲ್ಲಿ ಈಗ ಪ್ರತಿ ಸಾಲನ್ನೂ ಎದುರಿನವರಿಗೆ ಓದಿ ಹೇಳಿ, ಕೇಳಿ, ಆಮೇಲೆ ಬರೆಯುತ್ತೇನೆ. ಸಾಲಿನಲ್ಲಿ ನಿಂತವರು ಈ ಮೇಡಂ ಭಾಳ ಕೇಳ್ತಾರ ಅಂತ ಗೊಣಗುತ್ತಾರೆ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಆ ಜಾತಿ ನನ್ನದು.

ಮೊನ್ನೆ ಮಂಗಳವಾರ ಮತ್ತೆ ಡಾಕ್ಟರರ ಹತ್ತಿರ ಹೋಗುವುದಿತ್ತು. ಅಕ್ಕನನ್ನು ಕರೆತರಲು ರಜೆ ಹಾಕಿ ಬಬಲೇಶ್ವರಕ್ಕೆ ಹೋದೆ. ಇವತ್ತು ಹೇಳಿಯೇ ಬಿಡಬೇಕು ಅಂತ ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಬಸ್ಸಿನಲ್ಲಿ ಬಲಗಡೆಯ ಸಾಲು ಖಾಲಿ ಇತ್ತು. ‘ಅಕ್ಕಾ, ಗಾಳಿ ಬರ್ತೈತಿ, ನೀ ಕಿಡಕಿ ಕಡೆ ಕುಂದರು’ ಅಂತ ಅವಳನ್ನು ಒಳಗೆ ಸರಿಸಿದೆ. ಅಲ್ಲಿ ಕೂತರೆ ಅವಳ ಎಡಗಿವಿ ನನ್ನ ಕಡೆ ಬರುತ್ತದೆ. ಗೊತ್ತಿದ್ದೇ ಹಾಗೆ ಕೂರಿಸಿದೆ.

ಸಾರವಾಡದಲ್ಲಿ ಜನ ಇಳಿದು ಬಸ್ಸು ಮತ್ತೆ ಹೊರಟ ಮೇಲೆ ಬಾಯಿ ತೆರೆದೆ. ಎಲ್ಲ ಹೇಳಿದೆ. ಹಾಳೆಯಲ್ಲಿ ಏನು ಕೇಳಿದ್ದರು, ನಾನೇನು ಬರೆದೆ, ಪೆನ್ನು ಎಲ್ಲಿ ನಿಂತಿತ್ತು. ನನಗೆ ಹೆದರಿಕೆಯಾಗಿತ್ತು, ನೀನು ಬೇಕಾಗಿದ್ದೆ. ನೀರಿನಲ್ಲಿ ನಿನ್ನ ಕೈ ಕಿವಿಗೆ ಹೋದದ್ದನ್ನು ಕಂಡೆ, ಕಂಡೂ ಸುಮ್ಮನಿದ್ದೆ. ಮುಂದಿನ ಸೀಟಿನ ಬೆನ್ನು ನೋಡುತ್ತ, ಎಂಜಿನ್ನಿನ ಸಪ್ಪಳಕ್ಕಿಂತ ಸಣ್ಣ ದನಿಯಲ್ಲಿ, ಒಂದೂ ಬಿಡದೆ ಹೇಳಿದೆ. ಅವಳು ಕಿಟಕಿಯಿಂದ ಹೊರಗೆ ದ್ರಾಕ್ಷಿ ತೋಟ ನೋಡುತ್ತಿದ್ದಳು. ಹೇಳಿ ಮುಗಿದಾಗ ನನಗೆ ಹಗುರವಾಯಿತು, ಆ ಹಗುರಕ್ಕೇ ನಾಚಿಕೆಯೂ ಆಯಿತು.

ಆಗ ಅಕ್ಕ ನನ್ನ ಕಡೆ ತಿರುಗಿದಳು. ‘ಏನರ ಹೇಳಾಕತ್ತಿದ್ದೇನ? ಗುಣುಗುಣು ಅಂದಂಗಾತು’ ಅಂದಳು. ನಾನು ಉತ್ತರ ಕೊಡುವ ಮೊದಲೇ, ಓಡುವ ಬಸ್ಸಿನಲ್ಲಿ ಕಂಬಿ ಹಿಡಿದು ಎದ್ದು ನಿಂತಳು. ‘ಏಳು, ನೀ ಕಿಡಕಿ ಕಡೆ ಹೋಗು. ಈ ಕಿವೀಲೆ ಛಲೋ ಕೇಳ್ತೈತಿ.’ ನನ್ನನ್ನು ಒಳಗೆ ದಬ್ಬಿ, ಸೆರಗು ಸರಿಮಾಡಿಕೊಂಡು ಪಕ್ಕದಲ್ಲಿ ಕೂತಳು. ಬಲಗಿವಿಯ ಮೇಲಿನ ಕೂದಲು ಹಿಂದಕ್ಕೆ ಸರಿಸಿ, ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು.

‘ಹಾಂ, ಈಗ ಹೇಳು.’

‘ಏನಿಲ್ಲಕ್ಕಾ’ ಅಂದೆ. ‘ನೀರಿನ ಬಾಟ್ಲಿ ತಂದಿಯೇನ ಅಂತ ಕೇಳಿದ್ನಿ.’

ಅಕ್ಕ ಚೀಲದಿಂದ ಬಾಟಲಿ ತೆಗೆದು, ಮುಚ್ಚಳ ತಾನೇ ಬಿಚ್ಚಿ ಕೊಟ್ಟಳು. ನನಗೆ ನೀರಡಿಕೆ ಆಗಿರಲಿಲ್ಲ. ಅವಳು ನೋಡುತ್ತಿದ್ದಳು, ಅದಕ್ಕೆ ಕುಡಿದೆ.